ಧ್ವನಿ ಪರೀಕ್ಷೆ

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತನಿಗೆ ತನ್ನ ಧ್ವನಿ ಬಹಳ ಚೆನ್ನಾಗಿದೆ ಎಂಬ ಕಾಯಿಲೆ ಅಂಟಿಕೊಂಡದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಅಂಟಿಸಿದವರು ಹಲ್ಲಿನ ಡಾಕ್ಟರು. ದವಡೆ ಹಲ್ಲು ಕೀಳುವಾಗ ಅವನು ಹಾಕಿದ ಕೂಗಿಗೆ ಹೊರಗೆ ಕಾಯುತ್ತ ಕೂತಿದ್ದ ಮೂವರು ರೋಗಿಗಳು ಎದ್ದು ಮನೆಗೆ ಹೋಗಿಬಿಟ್ಟಿದ್ದರು. "ಏನ್ ಗಂಟಲು ಸಾರ್ ನಿಮ್ದು! ರೇಡಿಯೋದಲ್ಲಿ ಇರಬೇಕಾಗಿತ್ತು ನೀವು" ಎಂದರು ಡಾಕ್ಟರು. ಅವರು ಖಾಲಿ ಬೆಂಚುಗಳನ್ನು ನೋಡುತ್ತ ಆ ಮಾತು ಹೇಳಿದ್ದು ಗುಮಾಸ್ತನ ಗಮನಕ್ಕೆ ಬರಲಿಲ್ಲ. ಮಾತು ಮಾತ್ರ ಕಿವಿಗೆ ಬಿತ್ತು, ಬಿದ್ದದ್ದು ಅಲ್ಲೇ ಬೇರು ಬಿಟ್ಟಿತು.

ಅವನ ಧ್ವನಿಗೆ ಅಭ್ಯಾಸವಂತೂ ಇತ್ತು. ಹದಿನೆಂಟು ವರ್ಷದಿಂದ ಕಿಂಡಿಯ ಒಳಗೆ ಕೂತು, ಸಾಲಿನ ಕಟ್ಟಕಡೆಯವನಿಗೂ ಒಂದೇ ಸಲಕ್ಕೆ ಕೇಳಿಸುವಂತೆ "ನಾಳೆ ಬನ್ನಿ" ಎಂದು ಹೇಳುತ್ತ ಬಂದಿದ್ದ. ಬೇರೆ ಗುಮಾಸ್ತರು ಒಬ್ಬೊಬ್ಬರಿಗೇ ಹೇಳಿ ಸುಸ್ತಾಗುತ್ತಿದ್ದರೆ ಇವನು ಒಂದೇ ಉಸಿರಿಗೆ ಮೂವತ್ತು ಜನರನ್ನು ಚದುರಿಸುತ್ತಿದ್ದ. ಜನ ಅವನನ್ನು 'ನಾಳೆ ಗುಮಾಸ್ತ' ಎನ್ನುತ್ತಿದ್ದರು. ಅದನ್ನೂ ಅವನು ಬಿರುದು ಎಂದೇ ತಿಳಿದಿದ್ದ.

ಮನೆಯಲ್ಲಿ ರೇಡಿಯೋ ಇದ್ದದ್ದು ಅಕ್ಕನ ಕೋಣೆಯಲ್ಲಿ. ಅಕ್ಕ ಅವನಿಗಿಂತ ಹದಿನಾರು ವರ್ಷ ದೊಡ್ಡವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಅಪ್ಪ ಅಮ್ಮ ಬೇಗ ತೀರಿಕೊಂಡಾಗ ತಮ್ಮನನ್ನು ಓದಿಸಿ, ಕೆಲಸಕ್ಕೆ ಸೇರಿಸಿ, ಮದುವೆ ಮಾಡಿ ಮುಗಿಸುವ ಹೊತ್ತಿಗೆ ತನಗೂ ಮದುವೆಯಾಗಬೇಕಿತ್ತು ಎಂಬುದು ಅವಳಿಗೇ ಮರೆತುಹೋಗಿತ್ತು. ನೆನಪಿಸುವವರೂ ಯಾರೂ ಇರಲಿಲ್ಲ. ಈಗ ಬೆಳಗಿನ ಹವಾಮಾನದಿಂದ ಸಂಜೆಯ ವಾರ್ತೆಯವರೆಗೆ ಅವಳ ಕಿಟಕಿಯಲ್ಲಿ ರೇಡಿಯೋ ಹಾಡುತ್ತಿತ್ತು, ಬೀದಿ ಅದರ ಪ್ರಕಾರ ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಗಡಿಯಾರ ತಪ್ಪಬಹುದು, ಪತ್ರಿಕೆ ತಪ್ಪಬಹುದು. "ರೇಡಿಯೋದಲ್ಲೇ ಬಂತು" ಅಂದರೆ ಆ ಬೀದಿಯಲ್ಲಿ ವಾದ ಮುಗಿಯಿತು.

ಅಂಥ ರೇಡಿಯೋ ನಿಲಯದವರು ಒಂದು ದಿನ ನಾಟಕಕ್ಕೆ ಹೊಸ ಧ್ವನಿಗಳು ಬೇಕೆಂದು ಪ್ರಕಟಿಸಿದರು. ಗುಮಾಸ್ತ ಅರ್ಧ ದಿನ ರಜೆ ಹಾಕಿ, ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸಿಕೊಂಡು ಹೋದ.

ಧ್ವನಿ ಪರೀಕ್ಷೆಯ ಕೋಣೆಯ ಬಾಗಿಲು ಎಷ್ಟು ದಪ್ಪವೆಂದರೆ, ಅದು ಮುಚ್ಚಿಕೊಂಡೊಡನೆ ಅವನಿಗೆ ತನ್ನ ಹೊಟ್ಟೆಯ ಗುಡುಗುಡು ಸ್ಪಷ್ಟವಾಗಿ ಕೇಳಿಸಿತು. ಗಾಜಿನ ಆಚೆ ಶಾಲು ಹೊದ್ದು ಕೂತ ನಿರ್ದೇಶಕಿ ಆಗಲೇ ನಾಲ್ವರನ್ನು ಕಳಿಸಿದ್ದಳು. ಒಬ್ಬ ಗೋಳೋ ಎಂದು ಅತ್ತಿದ್ದ. ಒಬ್ಬ ಮೈಕು ನಡುಗುವಂತೆ ಗರ್ಜಿಸಿದ್ದ.

"ನಟನೆ ಮಾಡ್ಬೇಡಿ ಸ್ವಾಮಿ, ದಮ್ಮಯ್ಯ. ಸುಮ್ನೆ ಮಾತಾಡಿ" ಎಂದಳು ಅವಳು.

ಗುಮಾಸ್ತ ಕಾಗದ ಹಿಡಿದು ಓದಿದ. ಒಬ್ಬ ತಮ್ಮ ತನ್ನ ಮನೆಯಲ್ಲಿರುವ ಅಕ್ಕನ ಬಗ್ಗೆ ಹೇಳಿಕೊಳ್ಳುವ ಮಾತು ಅದು. ನಾಟಕದ ಅಕ್ಕ ಹೊಲಿಗೆ ಕೆಲಸದವಳು. ತನ್ನ ಅಕ್ಕ ಟೆಲಿಫೋನಿನವಳು. ಹೀಗಾಗಿ ಎರಡಕ್ಕೂ ಸಂಬಂಧವಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಅವನು ಕಿಂಡಿಯೊಳಗೆ ಕೂತವನಂತೆ ಒಂದೇ ಸಮನೆ ಓದಿ ಮುಗಿಸಿದಾಗ ನಿರ್ದೇಶಕಿ ಕನ್ನಡಕ ತೆಗೆದು ಅವನನ್ನೇ ನೋಡುತ್ತಿದ್ದಳು.

"ಎಲ್ಲಿ ಕಲಿತ್ರಿ ಇದನ್ನ?"

"ಕಲಿತದ್ದಲ್ಲ ಮೇಡಂ, ಒಳಗಿಂದ ಬರುತ್ತೆ."

"ಹಾಗೇ ಅನ್ನಿಸ್ತು" ಎಂದು ಅವಳು ಬರೆದುಕೊಂಡಳು. ಅದೇ ವಾರ ರೆಕಾರ್ಡಿಂಗ್ ಆಯಿತು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ನಾಟಕದಲ್ಲಿ ಪಾತ್ರ ಸಿಕ್ಕಿದೆ ಎಂದು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾಟಕವೆಂಬ ಪದ ಅವನ ಯೋಗ್ಯತೆಗೆ ಚಿಕ್ಕದಾಯಿತು. ಹೆಂಡತಿಯ ಮುಂದೆ "ಸಮಾಜಕ್ಕೆ ನಾಲ್ಕು ಮಾತು ಹೇಳಿ ಅಂತ ಕರೆದಿದ್ದಾರೆ" ಎಂದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹತ್ತಿರ ಅದು 'ಭಾಷಣ' ಆಯಿತು. ಕಚೇರಿಯಲ್ಲಿ ಸಾಹೇಬರ ಮೇಜಿನವರೆಗೆ ಹೋಗುವಷ್ಟರಲ್ಲಿ 'ಉಪನ್ಯಾಸ'ವಾಗಿ, ಸಾಹೇಬರು ಸಿಬ್ಬಂದಿಯೆಲ್ಲ ಕಡ್ಡಾಯವಾಗಿ ಕೇಳತಕ್ಕದ್ದೆಂದು ಸೂಚನಾ ಫಲಕದಲ್ಲಿ ಚೀಟಿ ಅಂಟಿಸಿದರು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅಕ್ಕ. ರೇಡಿಯೋಕ್ಕೆ ಹೊಸ ಸೆಲ್ಲು ತರಿಸಿದಳು. ಒದ್ದೆ ಬಟ್ಟೆಯಲ್ಲಿ ಅದರ ಮೂಲೆಮೂಲೆ ಒರೆಸಿದಳು. "ಚಿಕ್ಕವನಿದ್ದಾಗ 'ರ' ಹೇಳೋಕ್ಕೆ ಬರ್ತಿರಲಿಲ್ಲ ಇವನಿಗೆ. 'ಲೇಡಿಯೋ' ಅಂತಿದ್ದ" ಎಂದು ಬೀದಿಯಲ್ಲಿ ಕಂಡವರಿಗೆಲ್ಲ ಹೇಳಿದಳು.

ಶುಕ್ರವಾರ ಸಂಜೆ ಅಕ್ಕನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚದ ಮೇಲೆ ಆರು ಜನ, ಟ್ರಂಕಿನ ಮೇಲೆ ಇಬ್ಬರು, ಉಳಿದವರು ನೆಲದಲ್ಲಿ, ಕಿಟಕಿಯ ಹೊರಗೆ ಇನ್ನೊಂದು ಸಾಲು ತಲೆ. ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಗುಮಾಸ್ತ. ಅಕ್ಕ ರೇಡಿಯೋಕ್ಕೆ ಕಿವಿ ಹಚ್ಚಿದಂತೆ ಪಕ್ಕದಲ್ಲೇ ಸ್ಟೂಲಿನ ಮೇಲೆ.

"ಈಗ 'ನೆರೆಮನೆ' ಕಾರ್ಯಕ್ರಮ" ಎಂದಳು ಉದ್ಘೋಷಕಿ.

"ಶುರುವಾಯ್ತು! ಶುರುವಾಯ್ತು!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. ಕೋಣೆ ತಟ್ಟಿತು. ಕಿಟಕಿ ತಟ್ಟಿತು. ಆ ಚಪ್ಪಾಳೆಯ ಅಡಿಯಲ್ಲಿ, ಇದೊಂದು ಕಿರುನಾಟಕ, ಇದರ ಪಾತ್ರಗಳೆಲ್ಲ ಕಾಲ್ಪನಿಕ ಎಂದು ಉದ್ಘೋಷಕಿ ಹೇಳಿದ ಮಾತು ಉಸಿರುಕಟ್ಟಿ ಸತ್ತುಹೋಯಿತು. ಚಪ್ಪಾಳೆ ನಿಂತಾಗ ಕೇಳಿಸಿದ್ದು ಗುಮಾಸ್ತನ ಧ್ವನಿ.

"ನಮಸ್ಕಾರ. ನಾನೊಬ್ಬ ಸಾಮಾನ್ಯ ನೌಕರ. ನನ್ನ ಮನೆಯಲ್ಲಿ ಒಬ್ಬಳು ಅಕ್ಕ ಇದ್ದಾಳೆ. ಹೊಲಿಗೆ ಮಾಡಿ ನನ್ನನ್ನು ಸಾಕಿದಳು. ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟು ವರ್ಷ ಅದನ್ನೇ ನೆನೆಯುತ್ತಿರಲಿ? ಇರುವುದೇ ಎರಡು ಕೋಣೆ, ಒಂದು ಅವಳದು. ಮಕ್ಕಳು ಅಡುಗೆಮನೆಯಲ್ಲಿ ಕೂತು ಓದುತ್ತಾರೆ. ಬೆಳಗಾದರೆ ಅವಳ ಕೆಮ್ಮು ಕೇಳಿ ನನಗೆ ಎಚ್ಚರ. ಕೆಮ್ಮು ಕೇಳದಿದ್ದರೆ ಯಾಕೆ ಕೇಳಲಿಲ್ಲ ಅಂತ ಎಚ್ಚರ. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಸುಲಭವಿತ್ತು, ಜಗಳ ತೆಗೆದು ಕಳಿಸಬಹುದಿತ್ತು. ಒಂದು ವೃದ್ಧಾಶ್ರಮ ನೋಡಿಬಂದಿದ್ದೇನೆ. ಗಾಳಿ ಬೆಳಕು ಚೆನ್ನಾಗಿದೆ. ಹೇಳುವುದು ಹೇಗೆ ಎಂಬುದೇ ತಿಳಿಯುತ್ತಿಲ್ಲ."

ಎಲ್ಲರೂ ಮೂಕರಾಗಿ ಕೂತದ್ದನ್ನು ಕಂಡು ಗುಮಾಸ್ತನ ಎದೆ ಉಬ್ಬಿತು. ಕಣ್ಣು ಮುಚ್ಚಿಕೊಂಡು, ತನ್ನ ಒಂದೊಂದು ಪದಕ್ಕೂ ಬೆರಳಿನಿಂದ ಕುರ್ಚಿಯ ಕೈಗೆ ತಾಳ ಹಾಕುತ್ತ, ಮೆಲ್ಲಗೆ ನಗುತ್ತಿದ್ದ. ಅಕ್ಕನ ಎದುರಿಗೇ ಕೂತು, ಅಕ್ಕನನ್ನು ಕಳಿಸುವ ಮಾತು ಕೇಳಿಸಿಕೊಂಡು, ತಾಳ ಹಾಕುವ ಮನುಷ್ಯನನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ.

ಹದಿನೈದು ನಿಮಿಷ ಮುಗಿಯಿತು. ಮುಕ್ತಾಯದಲ್ಲಾದರೂ ಉದ್ಘೋಷಕಿ ನಾಟಕ ಎನ್ನುತ್ತಿದ್ದಳೋ ಏನೋ. ಆದರೆ ಅಷ್ಟರಲ್ಲಿ ಮೇಷ್ಟ್ರು ಎದ್ದು ರೇಡಿಯೋ ಆರಿಸಿಬಿಟ್ಟಿದ್ದರು.

"ಹೇಗಿತ್ತು?" ಎಂದ ಗುಮಾಸ್ತ ಕಣ್ಣು ಬಿಟ್ಟು.

"ನೀವು ಮನುಷ್ಯರೇನ್ರೀ?" ಎಂದರು ಮೇಷ್ಟ್ರು.

"ಅಯ್ಯೋ, ಅಷ್ಟೊಂದು ಹೊಗಳಬೇಡಿ. ಎಲ್ಲ ದೇವರು ಕೊಟ್ಟ ಗಂಟಲು."

"ಒಡಹುಟ್ಟಿದವಳನ್ನ ಲೋಕದ ಮುಂದೆ ಹರಾಜು ಹಾಕಿ ಗಂಟಲಂತೆ ಗಂಟಲು!"

ಆಗ ಅವನಿಗೆ ತಿಳಿಯಿತು. "ಅಯ್ಯಯ್ಯೋ, ಅದು ನಾಟಕ ಮೇಷ್ಟ್ರೇ, ನಾಟಕ!"

"ಭಾಷಣ ಅಂತ ನೀವೇ ಹೇಳಿದ್ರಲ್ಲ?"

"ಅದು... ಹಾಗಂತ ಅಂದೆ. ನೋಡಿ, ಅದರಲ್ಲಿ ಅಕ್ಕ ಹೊಲಿಗೆಯವಳು. ನಮ್ಮಕ್ಕ ಟೆಲಿಫೋನು!"

"ಗುರುತು ಸಿಗದೆ ಇರಲಿ ಅಂತ ಮಾಡಿದ ಜಾಣತನ ಅದು. ನಮಗೂ ಬುದ್ಧಿ ಇದೆ." ಮೇಷ್ಟ್ರು ಹೊರಟರು. ಮಂಚ ಖಾಲಿಯಾಯಿತು, ಟ್ರಂಕು ಖಾಲಿಯಾಯಿತು, ಕಿಟಕಿಯ ತಲೆಗಳು ಒಂದೊಂದಾಗಿ ಮಾಯವಾದವು. ಅಕ್ಕ ಟೀ ಲೋಟಗಳನ್ನು ಜೋಡಿಸಿಕೊಂಡು ತೊಳೆಯಲು ಹೋದಳು. ಗುಮಾಸ್ತ ಹಿಂದೆಯೇ ಹೋಗಿ "ಅಕ್ಕಾ, ಅದು ನಾಟಕ" ಎಂದ. "ಗೊತ್ತು ಕಣೋ" ಎಂದು ಅವಳು ನಲ್ಲಿ ತಿರುಗಿಸಿದಳು. ಅಕ್ಕನಿಗೆ ಗೊತ್ತಿದೆಯಲ್ಲ ಎಂದು ಅವನಿಗೆ ಸಮಾಧಾನವಾಯಿತು. ಸಮಾಧಾನ ಮಾಡಿಕೊಳ್ಳುವುದರಲ್ಲಿ ಅವನು ಯಾವಾಗಲೂ ಚುರುಕು.

ಶನಿವಾರ ಕಚೇರಿಯಲ್ಲಿ ಸಾಹೇಬರು ಎಲ್ಲರ ಎದುರಿಗೂ ಅವನನ್ನು ನಿಲ್ಲಿಸಿದರು. "ಸರ್ಕಾರಿ ನೌಕರ ಮನೆ ರಗಳೆ ರೇಡಿಯೋದಲ್ಲಿ ಹಾಡೋದಾ? ಈ ಕಚೇರಿ ಮಾನ ಏನಾಗ್ಬೇಕು?" ಎಂದು ಮೇಜು ಕುಟ್ಟಿದರು. ನಾಟಕವೆಂದು ಅವನು ಬಡಬಡಿಸಿದ್ದು ಕುಟ್ಟುವ ಸದ್ದಿನಲ್ಲಿ ಮುಳುಗಿತು. ಮಧ್ಯಾಹ್ನ ಅದೇ ಸಾಹೇಬರು ಅವನನ್ನು ಫೈಲುಗಳ ಕೋಣೆಗೆ ಕರೆದು, ಬಾಗಿಲು ಓರೆ ಮಾಡಿ, ದನಿ ತಗ್ಗಿಸಿದರು.

"ಬೆಳಿಗ್ಗೆ ಹೇಳಿದ್ದು ಬೇಜಾರು ಮಾಡ್ಕೋಬೇಡಿ. ಜನ ಇದ್ರು. ನಮ್ಮತ್ತೆ ಎಂಟು ವರ್ಷದಿಂದ ನಮ್ಮನೇಲಿದ್ದಾರೆ. ನೀವು ಆಡಿದ ಒಂದೊಂದು ಮಾತೂ ನಂದೇ. ಏನ್ ಧೈರ್ಯ ರೀ ನಿಮ್ದು!"

"ಸಾರ್, ಅದು ನಾಟಕ."

"ಹೌದೌದು, ಹಾಗೇ ಹೇಳ್ಬೇಕು. ಆ ಆಶ್ರಮ ಎಲ್ಲಿದೆ?"

ಮೇಷ್ಟ್ರು ಭಾನುವಾರದವರೆಗೆ ತಡೆದುಕೊಂಡರು. ಬೀದಿಯಲ್ಲಿ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು ಭಾನುವಾರ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿ, "ಅಲ್ಲ, ಹೇಳಿದ್ಮೇಲೆ ಅವರು ಗಲಾಟೆ ಮಾಡಿದ್ರಾ? ಅತ್ರಾ? ನಮ್ಮ ಚಿಕ್ಕಮ್ಮನಿಗೂ ಹೇಳೋದಿತ್ತು. ಹೇಗೆ ತಗೋತಾರೋ ಅಂತ" ಎಂದು ಪಿಸುಗುಟ್ಟಿದರು. ಸೋಮವಾರ ಒಂದು ವೃದ್ಧಾಶ್ರಮದ ವ್ಯವಸ್ಥಾಪಕ ಬಣ್ಣದ ಕರಪತ್ರ ಹಿಡಿದು ಮನೆಗೇ ಬಂದ. ಬಾಗಿಲು ತೆರೆದವಳು ಅಕ್ಕ.

"ಇಲ್ಲೊಬ್ಬರು ಅಕ್ಕ ಇದ್ದಾರಂತಲ್ಲಮ್ಮ, ನಮ್ಮಲ್ಲಿಗೆ ಕಳಿಸೋಕೆ?"

"ನಾನೇ. ಕೂತ್ಕೊಳ್ಳಿ, ನೀರು ಕುಡೀತೀರಾ?" ಎಂದಳು ಅಕ್ಕ.

ಅವನು ನೀರು ಕುಡಿದು, ಕರಪತ್ರದಲ್ಲಿ ಹೂದೋಟದ ಚಿತ್ರ ತೋರಿಸಿ, ಸಾಯಂಕಾಲ ಎಲ್ಲರಿಗೂ ರೇಡಿಯೋ ಹಾಕುತ್ತೇವೆ ಎಂದು ಹೇಳಿಹೋದ. ಗುಮಾಸ್ತ ಬಂದು ಕರಪತ್ರವನ್ನು ಹರಿದು ಎಸೆದ. ಹೆಂಡತಿ "ಛೆ, ಎಂಥಾ ಜನ" ಎಂದಳು. ಹಾಗೆನ್ನುತ್ತ ಅವಳ ಕಣ್ಣು ಅಕ್ಕನ ಕೋಣೆಯ ಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಮಕ್ಕಳಿಬ್ಬರ ಮೇಜು ಹಿಡಿಯುವುದೋ ಇಲ್ಲವೋ ಎಂದು ಕಣ್ಣು ತಾನಾಗಿ ಅಳೆದರೆ ಅವಳು ಏನು ಮಾಡಿಯಾಳು?

ಗುರುವಾರ ಗುಮಾಸ್ತ ರೇಡಿಯೋ ನಿಲಯಕ್ಕೆ ಓಡಿದ. "ಅದು ನಾಟಕ ಅಂತ ರೇಡಿಯೋದಲ್ಲಿ ಇನ್ನೊಂದ್ಸಲ ಹೇಳಿಬಿಡಿ ಮೇಡಂ."

"ನಾಟಕ ಅಂತ ಹೇಳೇ ಶುರು ಮಾಡಿದ್ವಲ್ಲ. ಮತ್ತೆ ಹೇಳೋಕೆ ನಿಯಮ ಇಲ್ಲ" ಎಂದಳು ನಿರ್ದೇಶಕಿ. ಅವಳ ಮೇಜಿನ ಮೇಲೆ ಕಾಗದಗಳ ರಾಶಿ ಇತ್ತು. "ನೋಡಿ, ಇಷ್ಟು ವರ್ಷದಲ್ಲಿ ಯಾವ ನಾಟಕಕ್ಕೂ ಇಷ್ಟು ಪತ್ರ ಬಂದಿಲ್ಲ. ಇಪ್ಪತ್ತು ಜನ ನಿಮ್ಮನ್ನ ಬೈದಿದ್ದಾರೆ."

"ಉಳಿದವರು?"

"ಆಶ್ರಮದ ವಿಳಾಸ ಕೇಳಿದ್ದಾರೆ."

ಅವನು ಅಂಗಲಾಚಿದ ಮೇಲೆ ಅವಳು ಒಂದು ಪ್ರಮಾಣಪತ್ರ ಬರೆಸಿಕೊಟ್ಟಳು. ಸದರಿಯವರು ಸದರಿ ದಿನದಂದು ಆಡಿದ ಮಾತುಗಳು ಇವರ ಸ್ವಂತ ಅಭಿಪ್ರಾಯವಾಗಿರುವುದಿಲ್ಲವೆಂದೂ, ಇವರಿಗೆ ಸ್ವಂತ ಅಭಿಪ್ರಾಯ ಇರುವುದು ನಿಲಯದ ಗಮನಕ್ಕೆ ಬಂದಿರುವುದಿಲ್ಲವೆಂದೂ ಅದರಲ್ಲಿ ದೃಢೀಕರಿಸಿ, ದುಂಡು ಮೊಹರು ಒತ್ತಿತ್ತು. ಗುಮಾಸ್ತ ಅದನ್ನು ಬೀದಿಯ ಮನೆಮನೆಗೆ ಹಿಡಿದುಕೊಂಡು ಹೋದ. ಮೇಷ್ಟ್ರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು.

"ಮೊಹರು ಯಾರು ಬೇಕಾದ್ರೂ ಹಾಕಿಸ್ತಾರೆ. ರೇಡಿಯೋದಲ್ಲೇ ಬಂದದ್ದನ್ನ ಕಾಗದ ಅಳಿಸುತ್ತೇನ್ರೀ?"

ಶುಕ್ರವಾರ ಬೆಳಿಗ್ಗೆ ಅವನು ಎದ್ದಾಗ ಅಕ್ಕನ ಕೋಣೆಯ ಹಾಸಿಗೆ ಸುತ್ತಿಟ್ಟಿತ್ತು. ಅಕ್ಕ ಟ್ರಂಕಿಗೆ ಬೀಗ ಹಾಕುತ್ತಿದ್ದಳು. ಎಕ್ಸ್‌ಚೇಂಜಿನಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೆಳತಿಯೊಬ್ಬಳು ಬಸ್ಸಿನಲ್ಲಿ ಮೂರು ಗಂಟೆಯ ದೂರದಲ್ಲಿ ಒಬ್ಬಳೇ ಇದ್ದಳು. ಬಾ ಎಂದು ವರ್ಷಗಳಿಂದ ಕರೆಯುತ್ತಿದ್ದಳಂತೆ. ಅಕ್ಕ ಈಗ ಹೂಂ ಅಂದಿದ್ದಳು.

"ಇದೇನಕ್ಕಾ?" ಗುಮಾಸ್ತ ಪ್ರಮಾಣಪತ್ರವನ್ನು ಜೇಬಿನಿಂದ ತೆಗೆದ. "ನೀನೂ ಅವರ ಹಾಗೇ ನಂಬಿದ್ಯಾ? ನೋಡಿಲ್ಲಿ, ನಾಟಕ ಅಂತ ಬರೆದಿದ್ದಾರೆ."

"ಅದನ್ನ ಒಳಗಿಡು. ನಾಟಕ ಅಂತ ಅವತ್ತೇ ಗೊತ್ತು ನಂಗೆ. ರೇಡಿಯೋ ಪಕ್ಕದಲ್ಲೇ ಕೂತಿದ್ನಲ್ಲ, ಶುರುವಲ್ಲಿ ಉದ್ಘೋಷಕಿ ಹೇಳಿದ್ದು ಕೇಳಿಸ್ತು. ಅಷ್ಟು ಜನರಲ್ಲಿ ಕೇಳಿಸಿದ್ದು ನನಗೊಬ್ಬಳಿಗೇ."

"ಮತ್ತೆ ಯಾಕೆ ಹೊರಟಿದ್ದೀಯ?"

ಅಕ್ಕ ಟ್ರಂಕಿನ ಮೇಲೆ ಕೂತಳು. "ಮೂವತ್ತೊಂದು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ ಕಣೋ ಪುಟ್ಟ. ಮುಖ ನೋಡದೆ ಧ್ವನಿ ಕೇಳೋದು. ಊರಿಗೆ ಬರ್ತೀನಿ ಅಂತ ಹೇಳಿ ಬರದೆ ಇರೋ ಗಂಡಂದಿರು, ಚೆನ್ನಾಗಿದ್ದೀನಿ ಅಂತ ಹೇಳೋ ಹೆಣ್ಣುಮಕ್ಕಳು, ಸಾಹೇಬರು ಮನೇಲಿಲ್ಲ ಅಂತ ಹೇಳೋ ಸಾಹೇಬರು. ಯಾವುದು ಹೊಂದಿಸಿದ್ದು, ಯಾವುದು ಹಾಗೇ ಬಂದದ್ದು, ಒಂದು ಪದದಲ್ಲಿ ಗೊತ್ತಾಗ್ತಿತ್ತು. 'ನನ್ನನ್ನು ಸಾಕಿದಳು' ಅಂದ್ಯಲ್ಲ, ಅಲ್ಲಿ ನಟನೆ ಮಾಡಿದೀಯ. ಚೆನ್ನಾಗೇ ಮಾಡಿದೀಯ. ಕೆಮ್ಮಿನ ವಿಷಯಕ್ಕೆ ಬಂದಾಗ ನೀನು ನಟನೆ ಮಾಡಿಲ್ಲ."

"ಅವರು ಬರ್ಕೊಟ್ಟಿದ್ದು ಅಕ್ಕಾ ಅದು!"

"ಬರೆದವರು ಬೇರೆ. ನನಗೆ ಕೋಪ ಇಲ್ಲ. ನೀನು ನನ್ನನ್ನ ಕಳಿಸ್ತಿರಲಿಲ್ಲ, ಅದೂ ಗೊತ್ತು. ಸಾಯೋ ತನಕ ಇಟ್ಕೊಂಡಿರ್ತಿದ್ದೆ. ದಿನಾ ಬೆಳಿಗ್ಗೆ ಆ ಕೆಮ್ಮು ಕೇಳ್ತಾ."

ಹೊರಗೆ ಬಾಡಿಗೆ ಕಾರು ಬಂದು ಹಾರ್ನ್ ಮಾಡಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು "ಅತ್ತಿಗೆ, ಹೀಗೆಲ್ಲ ಹೋಗ್ಬಾರದು" ಎಂದಳು. ಅಳು ನಿಜವಾಗಿಯೇ ಬಂದಿತ್ತು. ಗುಮಾಸ್ತ ಬಾಗಿಲಿಗೆ ಅಡ್ಡ ನಿಂತ.

"ಹೋಗ್ಬೇಡ ಅಕ್ಕಾ."

ಅಕ್ಕ ಕಣ್ಣು ಮುಚ್ಚಿದಳು. ತಲೆಯನ್ನು ಒಂದು ಬದಿಗೆ ಓರೆ ಮಾಡಿದಳು. "ಇನ್ನೊಂದ್ಸಲ ಹೇಳು" ಎಂದಳು.

"ಹೋಗ್ಬೇಡ ಅಕ್ಕಾ."

ಅಕ್ಕ ಕಣ್ಣು ಬಿಟ್ಟು, ಬಗ್ಗಿ ಟ್ರಂಕಿನ ಹಿಡಿ ಹಿಡಿದಳು. "ಆ ಕಡೆ ಹಿಡ್ಕೋ, ಭಾರ ಇದೆ" ಎಂದಳು. ಅವನು ಹಿಡಿದುಕೊಂಡ.

ಬೀದಿಯವರೆಲ್ಲ ಅವರವರ ಬಾಗಿಲಿನಲ್ಲಿ ನಿಂತು, ಗುಮಾಸ್ತ ತಾನೇ ಅಕ್ಕನ ಟ್ರಂಕು ಹೊತ್ತು ಕಾರಿಗೆ ಹಾಕುವುದನ್ನು ನೋಡಿದರು. ರೇಡಿಯೋವನ್ನು ಅಕ್ಕ ಒಯ್ಯಲಿಲ್ಲ. ಆ ವಾರವೇ ಅವಳ ಕೋಣೆಗೆ ಮಕ್ಕಳ ಮೇಜು ಬಂತು, ಸರಿಯಾಗಿ ಹಿಡಿಯಿತು.

ಮನೆಯಲ್ಲಿ ಬೆಳಗಿನ ಹೊತ್ತು ಈಗ ನಿಶ್ಶಬ್ದ. ಆ ನಿಶ್ಶಬ್ದಕ್ಕೆ ಗುಮಾಸ್ತನಿಗೆ ಐದು ಗಂಟೆಗೇ ಎಚ್ಚರವಾಗುತ್ತಿತ್ತು. ಬೀದಿಯಲ್ಲಿ ಅವನನ್ನು ಮಾತಾಡಿಸುವವರಿಲ್ಲ. ಗುಟ್ಟಾಗಿ ಕೈ ಕುಲುಕುವವರೂ ಈಗ ಕಡಮೆಯಾದರು, ಏಕೆಂದರೆ ಬಾಯಲ್ಲಿ ಹೇಳಿದ್ದನ್ನು ಇವನು ಮಾಡಿಯೂ ತೋರಿಸಿದ್ದ. ಹೀಗಿರುವಾಗ ರೇಡಿಯೋ ನಿಲಯದಿಂದ ಕಾಗದ ಬಂತು. ಅಷ್ಟೊಂದು ಪತ್ರ ಬಂದದ್ದರಿಂದ ಆ ನಾಟಕಕ್ಕೆ ಎರಡನೆಯ ಭಾಗ ಬರೆಸಿದ್ದರು. ಅದರಲ್ಲಿ ತಮ್ಮ ಪಶ್ಚಾತ್ತಾಪಪಟ್ಟು, ಹೊರಟುನಿಂತ ಅಕ್ಕನನ್ನು ತಡೆಯುತ್ತಾನೆ. ರೇಡಿಯೋದಲ್ಲಿ ಕಳೆದುಕೊಂಡ ಮಾನವನ್ನು ರೇಡಿಯೋದಲ್ಲೇ ತಿರುಗಿ ಪಡೆಯಬಹುದೆಂದು ಗುಮಾಸ್ತ ಪೂರ್ತಿ ಒಂದು ದಿನ ರಜೆ ಹಾಕಿ ಹೋದ.

"ಹೋಗಬೇಡ ಅಕ್ಕಾ" ಎಂದ ಮೈಕಿನ ಮುಂದೆ.

"ಇನ್ನೊಂದ್ಸಲ" ಎಂದಳು ಗಾಜಿನಾಚೆಯ ನಿರ್ದೇಶಕಿ.

ಅವನು ಜೋರಾಗಿ ಹೇಳಿದ. ಮೆಲ್ಲಗೆ ಹೇಳಿದ. ಬಿಕ್ಕುತ್ತ ಹೇಳಿದ. ಒಂದು ಸಲ ನಿಜವಾಗಿ ಕಣ್ಣೀರು ಬಂದು ಕಾಗದದ ಅಕ್ಷರ ಕಲಸಿಹೋಯಿತು. ಅವಳು ಅದನ್ನೂ ಬೇಡವೆಂದಳು. ಹನ್ನೊಂದನೆಯ ಸಲಕ್ಕೆ ದಪ್ಪ ಬಾಗಿಲು ತೆರೆದು ಒಳಗೆ ಬಂದಳು.

"ಯಾಕೋ ನಿಮಗೆ ಇದು ಬರ್ತಿಲ್ಲ. ಮೊದಲನೇದರಲ್ಲಿ ಅಷ್ಟು ಸಹಜವಾಗಿತ್ತು. ಇದು ನಾಟಕ ಅನ್ನಿಸ್ತಿದೆ. ಬೇಜಾರಾಗ್ಬೇಡಿ, ಬೇರೆ ಒಬ್ಬರು ಇದ್ದಾರೆ."

ಬೇರೊಬ್ಬ ಬಂದ. ನಾಯಿ ಬೊಗಳುವುದು, ರೈಲು ಹೊರಡುವುದು, ಬಾಗಿಲು ಕಿರುಗುಟ್ಟುವುದು ಎಲ್ಲವನ್ನೂ ಬಾಯಲ್ಲೇ ಮಾಡುವ ನಿಲಯದ ಹಳೆಯ ಕಲಾವಿದ. ಅವನಿಗೆ ಅಕ್ಕನೂ ಇರಲಿಲ್ಲ, ತಂಗಿಯೂ ಇರಲಿಲ್ಲ. ಒಂದೇ ಸಲಕ್ಕೆ ಹೇಳಿ ಮುಗಿಸಿ ಟೀ ಕುಡಿಯಲು ಹೋದ.

ಮುಂದಿನ ಶುಕ್ರವಾರ ಅದು ಪ್ರಸಾರವಾಯಿತು. ಗುಮಾಸ್ತ ಈ ಸಲ ಯಾರಿಗೂ ಹೇಳಿರಲಿಲ್ಲ. ತನ್ನ ಮನೆಯ ರೇಡಿಯೋ ಮುಟ್ಟಲೂ ಇಲ್ಲ, ಕಿಟಕಿ ಮುಚ್ಚಿಕೊಂಡು ಕೂತ. ಆದರೆ ಅಕ್ಕನ ಕಿಟಕಿ ಸುಮ್ಮನಾದ ಮೇಲೆ ತಮ್ಮ ತಮ್ಮ ರೇಡಿಯೋ ಹಚ್ಚತೊಡಗಿದ್ದ ಬೀದಿಯ ಮಿಕ್ಕ ಮನೆಗಳು ಮುಚ್ಚಿರಲಿಲ್ಲ. ನಾಟಕ ಎಂದು ಉದ್ಘೋಷಕಿ ಹೇಳಿದ್ದನ್ನು ಈ ಸಲವೂ ಯಾರೂ ಲೆಕ್ಕಕ್ಕಿಡಲಿಲ್ಲ. ಅದೇ ತಮ್ಮ, ಅದೇ ಅಕ್ಕ, ಅದೇ ಎರಡು ಕೋಣೆ. "ಹೋಗಬೇಡ ಅಕ್ಕಾ" ಎಂಬ ಮಾತು ಹತ್ತು ಮನೆಗಳಿಂದ ಒಟ್ಟಿಗೆ ಎದ್ದಾಗ ಬೀದಿ ಮೂಗು ಸೀಟಿತು.

ಐದೇ ನಿಮಿಷಕ್ಕೆ ಮೇಷ್ಟ್ರು ಬಾಗಿಲು ಬಡಿದರು. ಒಳಗೆ ಬಂದವರೇ ಅವನನ್ನು ಅಪ್ಪಿಕೊಂಡರು. "ಕೇಳಿದ್ವಿ. ಎಲ್ಲರೂ ಕೇಳಿದ್ವಿ. ತಪ್ಪು ಎಲ್ಲರೂ ಮಾಡ್ತಾರೆ ಕಣಪ್ಪ, ಲೋಕದ ಮುಂದೆ ಒಪ್ಪಿಕೊಳ್ಳೋರು ಎಷ್ಟು ಜನ? ದೊಡ್ಡ ಮನಸ್ಸು ನಿಮ್ದು." ಅವರ ಹಿಂದೆ ಒಬ್ಬೊಬ್ಬರಾಗಿ ಬೀದಿಯೇ ಬಂತು. ಅಕ್ಕ ಎಲ್ಲಿ ಎಂದು ಯಾರೂ ಕೇಳಲಿಲ್ಲ. ರೇಡಿಯೋದಲ್ಲಿ ಅವಳು ಉಳಿದುಕೊಂಡದ್ದನ್ನು ಅವರೆಲ್ಲ ಈಗಷ್ಟೇ ಕಿವಿಯಾರೆ ಕೇಳಿ ಬಂದಿದ್ದರು. ಗುಮಾಸ್ತ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಯಾರೋ ಬಂದು ಕೈ ಕುಲುಕಿದರು. ಮೂರನೆಯ ಸಲ ಅವನು ಬಾಯಿ ತೆರೆಯಲಿಲ್ಲ.

ಶನಿವಾರ ಕಚೇರಿಯಲ್ಲಿ ಸಾಹೇಬರು ತಾವೇ ಎದ್ದು ಬಂದು, ಕಿಂಡಿಯ ಮುಂದಿನ ಸಾಲಿಗೆಲ್ಲ ಕೇಳಿಸುವಂತೆ ಅವನ ಬೆನ್ನು ತಟ್ಟಿದರು.

"ಕಣ್ಣಲ್ಲಿ ನೀರು ಬಂತು ಕಣ್ರೀ. ನಮ್ಮತ್ತೆಯಂತೂ ಅತ್ತೂ ಅತ್ತೂ ಊಟಾನೇ ಬಿಟ್ರು." ಆಮೇಲೆ ಸ್ವಲ್ಪ ಯೋಚಿಸಿ, "ಆದ್ರೂ ಧ್ವನಿ ಒಂಚೂರು ಬೇರೆ ಥರ ಇತ್ತಲ್ಲ?" ಎಂದರು.

ಸಾಲಿನಲ್ಲಿ ನಿಂತವರೆಲ್ಲ ಅವನ ಕಡೆ ನೋಡುತ್ತಿದ್ದರು. ಗುಮಾಸ್ತ ಮುಂದಿನ ಅರ್ಜಿಯನ್ನು ಕೈಗೆ ತೆಗೆದುಕೊಂಡ.

"ಅವತ್ತು ಸ್ವಲ್ಪ ನೆಗಡಿ ಇತ್ತು ಸಾರ್" ಎಂದ.